ಗಾಳಿಯೂ ಒಂದು ಗೊಬ್ಬರ: ಮುಚ್ಚಿದ ಮನೆಯ ಬೆಳೆ ಮತ್ತು ಇಂಗಾಲದ ಡೈಆಕ್ಸೈಡ್

(ಕಲಬುರಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ಅಸಲಿಗೆ ಕೈ ಹಚ್ಚದೆ ಬಡ್ಡಿಯಲ್ಲಿ ಒಳ್ಳೆಯ ಕೆಲಸ ನಡೆಸಿಕೊಂಡು ಹೋಗುವುದು ದತ್ತಿಯ ನಿಯಮ. ನಾನು ಇಂದು ಆರಿಸಿಕೊಂಡ ವಿಷಯಕ್ಕೂ ಈ ನಿಯಮ ಸಲ್ಲುತ್ತದೆ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಕೆಲವು ತಿಂಗಳ ಹಿಂದೆ ಕಮಲಾಪುರದ ಬಾಳೆ ತೋಟವೊಂದರ ಬದುವಿನ ಮೇಲೆ ಕೂತಿದ್ದೆವು. ತೋಟದ ಯುವಕರೊಬ್ಬರು ಕೇಳಿದರು: “ಸರ, ಪಾಲಿಹೌಸ್‌ನಾಗ ಗ್ಯಾಸ್ ಬಿಟ್ರ ಬೆಳಿ ಭಾಳ ಜಲ್ದಿ ಬರ್ತದಂತ ಮೊಬೈಲ್‌ನಾಗ ನೋಡೀನಿ. ಖರೇ ಏನ್ರಿ? ನಮ್ಮ ಬಾಳಿಗೂ ಬಿಡಬಹುದೇನ್ರಿ?”

ಮಾತು ಖರೆ. ಆದರೆ ಯಾವ ಬೆಳೆಗೆ, ಎಂಥ ಮನೆಯೊಳಗೆ, ದಿನದ ಯಾವ ಹೊತ್ತಿನಲ್ಲಿ ಎಂಬುದನ್ನು ಅರಿಯದೆ ಕೈ ಹಾಕಿದರೆ ಆ ಖರೆ ಮಾತೇ ಸಾಲಕ್ಕೆ ದಾರಿಯಾಗುತ್ತದೆ. ಆ ಯುವಕರಿಗೆ ಬದುವಿನ ಮೇಲೆ ಅರ್ಧ ಹೇಳಿದ ಉತ್ತರವನ್ನು ಇಲ್ಲಿ ಪೂರ್ತಿ ಹೇಳಲು ನಿಂತಿದ್ದೇನೆ.

ಗಿಡದ ತೂಕ ಎಲ್ಲಿಂದ ಬಂತು?

ಬೆಲ್ಜಿಯಂ ಸೀಮೆಯ ಯಾನ್ ಬಾಪ್ಟಿಸ್ಟ್ ಫಾನ್ ಹೆಲ್ಮಾಂಟ್ ಎಂಬ ವೈದ್ಯ ಒಂದು ಪ್ರಯೋಗ ಮಾಡಿದ. 200 ಪೌಂಡ್ ಒಣ ಮಣ್ಣು ತುಂಬಿದ ಕುಂಡದಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಕೊನೆಗೆ ಮರ 169 ಪೌಂಡ್ ತೂಗಿತು. ಮಣ್ಣು ಕಳೆದುಕೊಂಡಿದ್ದು ಎರಡೇ ಔನ್ಸ್. ಅಷ್ಟೂ ತೂಕ ನೀರಿನಿಂದಲೇ ಬಂತೆಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಈ ಬರಹ ಅಚ್ಚಾಯಿತು. ‘ಗ್ಯಾಸ್’ ಎಂಬ ಪದವನ್ನು ಜಗತ್ತಿಗೆ ಕೊಟ್ಟವನು ಇದೇ ಫಾನ್ ಹೆಲ್ಮಾಂಟ್. ಇದ್ದಿಲು ಸುಟ್ಟಾಗ ಏಳುವ ಗ್ಯಾಸನ್ನು ಗುರುತಿಸಿ ಹೆಸರಿಟ್ಟವನೂ ಅವನೇ. ತನ್ನ ಕುಂಡದ ಮರ ಮೈ ತುಂಬಿಕೊಂಡಿದ್ದು ಆ ಗ್ಯಾಸಿನಿಂದ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಅದು ತಿಳಿಯಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು. 1779ರಲ್ಲಿ ಇಂಗೆನ್‌ಹೌಸ್ ಬೆಳಕು ಮತ್ತು ಹಸಿರು ಎಲೆಯ ನಂಟನ್ನು ತೋರಿಸಿದ. 1782ರಲ್ಲಿ ಜಿನೀವಾದ ಸೆನೆಬಿಯೆ, ಎಲೆ ಹೀರುವ ಗಾಳಿ ಯಾವುದೆಂದು ಗುರುತಿಸಿದ. 1804ರಲ್ಲಿ ಅದೇ ಊರಿನ ಸೊಸ್ಯೂರ್ ಗಿಡಗಳಿಗೆ ಈ ಅನಿಲವನ್ನು ಹೆಚ್ಚಾಗಿ ಕೊಟ್ಟು ನೋಡಿದ. ಬಿಸಿಲಿನಲ್ಲಿದ್ದ ಗಿಡಗಳಿಗೆ ಅದರಿಂದ ಲಾಭವಾಯಿತು, ನೆರಳಿನಲ್ಲಿದ್ದವುಗಳಿಗೆ ಹಾನಿಯಾಯಿತು. ಇಂದಿನ ನನ್ನ ಉಪನ್ಯಾಸದ ಮುಕ್ಕಾಲು ಪಾಲು ಆ ಒಂದು ಪ್ರಯೋಗದಲ್ಲೇ ಇದೆ.

ನಮ್ಮ ಹೊಲಕ್ಕೆ ಬರೋಣ. ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ತೊಗರಿ ಕಟ್ಟಿಗೆಯನ್ನು ಚೆನ್ನಾಗಿ ಒಣಗಿಸಿ 100 ಕಿಲೋ ತೂಗಿದರೆ, ಅದರಲ್ಲಿ ಸುಮಾರು 45 ಕಿಲೋ ಇಂಗಾಲ ಇರುತ್ತದೆ. ಅದು ಎಲೆಯ ಸಣ್ಣ ರಂಧ್ರಗಳ ಮೂಲಕ ಗಾಳಿಯಿಂದ ಇಳಿದು ಬಂದದ್ದು. ಆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ? ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ. ಒಂದು ಕ್ವಿಂಟಲ್ ತೊಗರಿಯಲ್ಲಿ 42 ಗ್ರಾಂ, ಅಂದರೆ ಒಂದು ಹಿಡಿ ಕಾಳು. ಅಷ್ಟು ತೆಳುವಾದ ಊಟದಿಂದ ಗಿಡ ತನ್ನ ಮೈ ಕಟ್ಟಿಕೊಳ್ಳುತ್ತದೆ. ಆ ಹಿಡಿಯನ್ನು ಎರಡು ಹಿಡಿ ಮಾಡಿದರೆ ಬೆಳೆ ಹೆಚ್ಚುವುದೇ ಎಂಬುದು ಪ್ರಶ್ನೆ.

ತೊಗರಿ ಬೇರೆ, ಜೋಳ ಬೇರೆ

ಹೆಚ್ಚುತ್ತದೆ, ಆದರೆ ಎಲ್ಲ ಬೆಳೆಗೂ ಸಮನಾಗಿ ಅಲ್ಲ. ಅಮೆರಿಕದ ಬ್ರೂಸ್ ಕಿಂಬಾಲ್ ಎಂಬ ವಿಜ್ಞಾನಿ 430ಕ್ಕೂ ಹೆಚ್ಚು ಇಳುವರಿ ದಾಖಲೆಗಳನ್ನು ಒಟ್ಟುಗೂಡಿಸಿ 1983ರಲ್ಲಿ ಲೆಕ್ಕ ಹಾಕಿದರು. ಈ ಅನಿಲ ದುಪ್ಪಟ್ಟಾದರೆ ಇಳುವರಿ ಸರಾಸರಿ ಶೇ 33ರಷ್ಟು ಏರಬಹುದು ಎಂಬುದು ಅವರು ಕಂಡ ಫಲ. ಸರಾಸರಿ ಎಂಬ ಮಾತನ್ನು ಗಮನದಲ್ಲಿಡಿ.

ಎಲೆಯೊಳಗೆ ಇಂಗಾಲವನ್ನು ಹಿಡಿಯುವ ಕಿಣ್ವದ ಹೆಸರು ರುಬಿಸ್ಕೊ. ಅದಕ್ಕೊಂದು ದೌರ್ಬಲ್ಯ ಇದೆ. ಇಂಗಾಲದ ಡೈಆಕ್ಸೈಡನ್ನು ಹಿಡಿಯಬೇಕಾದ ಜಾಗದಲ್ಲಿ ಆಗಾಗ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಹಿಡಿದದ್ದನ್ನು ಬಿಡಿಸಿಕೊಳ್ಳಲು ಗಿಡ ತಾನು ಕೂಡಿಟ್ಟ ಇಂಗಾಲವನ್ನೇ ಕಳೆದುಕೊಳ್ಳಬೇಕು. ಬಿಸಿಲು ಏರಿದಷ್ಟೂ ಈ ತಪ್ಪು ಹೆಚ್ಚು. ತೊಗರಿ, ಹೆಸರು, ಉದ್ದು, ಕಡಲೆ, ಶೇಂಗಾ, ಹತ್ತಿ, ಟೊಮೆಟೊ, ಬಾಳೆ ಎಲ್ಲವೂ ಈ ಗುಂಪಿನವು. ವಿಜ್ಞಾನ ಇವನ್ನು ಸಿ-3 ಸಸ್ಯಗಳೆನ್ನುತ್ತದೆ. ಸುತ್ತಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ರುಬಿಸ್ಕೊ ತಪ್ಪು ಕಡಿಮೆ ಮಾಡುತ್ತದೆ, ಬೆಳೆಗೆ ಲಾಭವಾಗುತ್ತದೆ. ಹೈದರಾಬಾದಿನ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ, ಅಂದರೆ ಕ್ರೀಡಾ, ಮೇಲ್ಭಾಗ ತೆರೆದ ಕೋಣೆಗಳಲ್ಲಿ ಅನಿಲ ಹೆಚ್ಚಿಸಿ ತೊಗರಿ ಬೆಳೆಸಿ ನೋಡಿದಾಗ ಗಿಡದ ಮೈಯೂ ಕಾಳೂ ಹೆಚ್ಚಿದ್ದು ಕಂಡುಬಂತು.

ನಮ್ಮ ಜೋಳದ ರೀತಿಯೇ ಬೇರೆ. ಜೋಳ, ಸಜ್ಜೆ, ಗೋವಿನಜೋಳ, ಕಬ್ಬು ತಮ್ಮ ಎಲೆಯೊಳಗೇ ಇಂಗಾಲದ ಡೈಆಕ್ಸೈಡನ್ನು ಒತ್ತಿ ತುಂಬಿ ರುಬಿಸ್ಕೊ ಬಾಗಿಲಿಗೆ ತಂದುಕೊಡುತ್ತವೆ. 1966ರಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಕಬ್ಬಿನಲ್ಲಿ ವಿವರಿಸಿದ ಈ ದಾರಿಗೆ ಸಿ-4 ಎಂದು ಹೆಸರು. ನಾವು ಹೊರಗಿನಿಂದ ಮಾಡಬೇಕೆಂದಿರುವ ಕೆಲಸವನ್ನು ಜೋಳ ಒಳಗೇ ಮಾಡಿಕೊಂಡಿದೆ. ನೀರು ಸಾಕಷ್ಟಿದ್ದಾಗ ಅದಕ್ಕೆ ಹೆಚ್ಚುವರಿ ಅನಿಲದಿಂದ ದೊಡ್ಡ ಲಾಭವಿಲ್ಲ. ಇತ್ತೀಚೆಗೆ ನಮ್ಮ ಭಾಗದಲ್ಲೂ ಹಚ್ಚುತ್ತಿರುವ ಡ್ರ್ಯಾಗನ್ ಹಣ್ಣು ಮೂರನೆಯ ಬಗೆಯದು. ಪಾಪಸುಕಳ್ಳಿಯ ಬಳಗದ ಈ ಗಿಡ ಹಗಲು ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಅದಕ್ಕೆ ಹಗಲು ಗ್ಯಾಸ್ ಬಿಟ್ಟವನ ಹಣ ಗಾಳಿಗೆ ಹೋದಂತೆ.

ಹಿಂದೆ ಬಿದ್ದ ಎತ್ತು

1905ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಮನ್ ಒಂದು ನಿಯಮ ಬರೆದರು. ಬೆಳಕು, ಶಾಖ, ಇಂಗಾಲದ ಡೈಆಕ್ಸೈಡ್ ಇವುಗಳಲ್ಲಿ ಯಾವುದು ಅತಿ ಕಡಿಮೆಯೋ ಅದೇ ಎಲೆಯ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ಬಂಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಡಿ ಎತ್ತಿನಲ್ಲಿ ಒಂದು ಹಿಂದೆ ಬಿದ್ದರೆ ಬಂಡಿ ಅದರ ನಡಿಗೆಗೇ ಸಾಗುತ್ತದೆ. ಮುಂದಿರುವ ಎತ್ತಿಗೆ ಎಷ್ಟು ಹಿಂಡಿ ತಿನ್ನಿಸಿದರೂ ಅಷ್ಟೇ.

ಮನೆಯೊಳಗಿನ ಕಪಾಟಿನಲ್ಲಿ, ಮಂದ ಬೆಳಕಿನ ದೀಪದ ಕೆಳಗೆ ಮೆಂತ್ಯ, ಕೊತ್ತಂಬರಿ ಬೆಳೆಯುವವರು ನಗರದಲ್ಲಿ ಹೆಚ್ಚುತ್ತಿದ್ದಾರೆ. ಅಲ್ಲಿ ಹಿಂದೆ ಬಿದ್ದ ಎತ್ತು ಬೆಳಕು. ಮೊದಲು ದೀಪ ಸರಿಮಾಡಿ, ಬೇರಿಗೆ ನೀರು ಗೊಬ್ಬರ ಸರಿಮಾಡಿ. ಇನ್ನೊಂದು ಸಂಗತಿ: ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹತ್ತು ಲಕ್ಷಕ್ಕೆ 420 ಭಾಗದಿಂದ 1000 ಭಾಗಕ್ಕೆ ಏರಿಸಲು ಬೇಕಾದ ಅನಿಲ ಸುಮಾರು 30 ಗ್ರಾಂ ಮಾತ್ರ. ಬಾಗಿಲು ಹಾಕಿಕೊಂಡು ಒಬ್ಬರು ಒಂದು ಗಂಟೆ ಸುಮ್ಮನೆ ಕೂತರೆ ಅವರ ಉಸಿರೇ ಅಷ್ಟನ್ನು ಕೊಡುತ್ತದೆ. ಜನ ಓಡಾಡುವ ಮನೆಯ ಗಿಡಕ್ಕೆ ಸಿಲಿಂಡರ್ ಬೇಕಿಲ್ಲ.

ಈಗ ಪಾಲಿಹೌಸ್ ಲೆಕ್ಕ. ಹತ್ತು ಗುಂಟೆ ಜಾಗದ, ಸರಾಸರಿ ಐದು ಮೀಟರ್ ಎತ್ತರದ ಮನೆಯಲ್ಲಿ ಸುಮಾರು 5,000 ಘನ ಮೀಟರ್ ಗಾಳಿ ಇರುತ್ತದೆ. ಅದನ್ನು 420ರಿಂದ 1000ಕ್ಕೆ ಏರಿಸಲು 5 ಕಿಲೋಗಿಂತ ಸ್ವಲ್ಪ ಹೆಚ್ಚು ಅನಿಲ ಸಾಕು. ಅಗ್ಗವೆನಿಸುತ್ತದೆ. ಆದರೆ ಇದು ಕಲಬುರಗಿ. ಏಪ್ರಿಲ್–ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಒಳಗಿನ ಸಸಿ ಬದುಕಬೇಕಾದರೆ ಫ್ಯಾನು ಮತ್ತು ಒದ್ದೆ ಪ್ಯಾಡು ನಡೆಯಲೇಬೇಕು. ಅಂಥ ವ್ಯವಸ್ಥೆಯಲ್ಲಿ ಮನೆಯ ಗಾಳಿ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಪೂರ್ತಿ ಬದಲಾಗುತ್ತದೆ. ಅಂದರೆ ನಿಮಿಷಕ್ಕೆ 5 ಕಿಲೋ ಹೊರಗೆ. 30 ಕಿಲೋ ಸಿಲಿಂಡರ್ ಆರೇ ನಿಮಿಷದಲ್ಲಿ ಖಾಲಿ. ನೆದರ್ಲೆಂಡ್ಸ್‌ನಲ್ಲಿ ತೈಲ ಶುದ್ಧೀಕರಣ ಘಟಕದಿಂದ ಹೊರಬರುವ ಅನಿಲವನ್ನು 2005ರಿಂದ ಕೊಳವೆಯಲ್ಲಿ ನೂರಾರು ಗಾಜಿನ ಮನೆಗಳಿಗೆ ಕೊಡುತ್ತಿದ್ದಾರೆ. ಅಲ್ಲಿನದು ತಂಪು ನಾಡು, ಕಿಟಕಿ ಮುಚ್ಚಿಟ್ಟುಕೊಳ್ಳಬಹುದು. ಅವರ ಯಶಸ್ಸನ್ನು ಹಾಗೆಯೇ ತಂದು ನಮ್ಮ ಬಿಸಿಲಿನಲ್ಲಿ ನೆಡಲಾಗದು.

ಹಾಗಾದರೆ ನಮ್ಮ ಪಾಲಿಹೌಸಿಗೆ ಹೇಳುವುದೇನೂ ಇಲ್ಲವೇ? ಇದೆ. ಚಳಿಗಾಲದ ಬೆಳಗಿನಲ್ಲಿ ಥಂಡಿಗೆ ಹೆದರಿ ಪರದೆ ಇಳಿಸಿಯೇ ಬಿಡುತ್ತೇವೆ. ರಾತ್ರಿಯ ಉಸಿರಾಟದಿಂದ ಒಳಗೆ ಕೂಡಿದ ಇಂಗಾಲದ ಡೈಆಕ್ಸೈಡನ್ನು ಎಲೆಗಳು ಬಿಸಿಲೇರುತ್ತಿದ್ದಂತೆ ಬೇಗನೆ ತಿಂದು ಮುಗಿಸುತ್ತವೆ. ಒತ್ತಾಗಿ ಬೆಳೆದ, ಮುಚ್ಚಿದ ಮನೆಯಲ್ಲಿ ಅದು 200ರ ಹತ್ತಿರಕ್ಕೆ ಇಳಿಯಬಲ್ಲದು. ಆಗ ಹಸಿರು ಎಲೆ, ಒಳ್ಳೆಯ ಬೆಳಕು, ಸಾಕಷ್ಟು ನೀರು ಎಲ್ಲ ಇದ್ದೂ ಬೆಳೆ ಉಪವಾಸ ಇರುತ್ತದೆ. ಪರದೆಯನ್ನು ಒಂದು ಗಂಟೆ ಮೊದಲೇ ಎತ್ತಿದರೆ ಹೊರಗಿನ 420 ಪುಕ್ಕಟೆಯಾಗಿ ಒಳಗೆ ಬರುತ್ತದೆ. ನಮ್ಮ ಊರಿನ ಪಾಲಿಹೌಸಿಗೆ ಇದೇ ಮೊದಲ ಉಪಚಾರ.

ತಿಪ್ಪೆ ಗೊಬ್ಬರದ ಬಡ್ಡಿ

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕೆಂಪು ಸಿಪ್ಪೆ, ಕೆನೆಬಣ್ಣದ ತಿರುಳು. ಉಳಿದ ಬಾಳೆ ಸುಮಾರು ಒಂದು ವರ್ಷಕ್ಕೆ ಬಂದರೆ ಇದು ಹದಿನೆಂಟು ತಿಂಗಳು ಕೇಳುತ್ತದೆ. ನೀರೂ ಹೆಚ್ಚು ಬೇಕು, ಆಳಿನ ಕೆಲಸವೂ ಹೆಚ್ಚು, ತಿಪ್ಪೆ ಗೊಬ್ಬರವಂತೂ ಬಂಡಿಗಟ್ಟಲೆ ಬೇಕು. ಈ ಕಾರಣಕ್ಕೇ ಹಣ್ಣು ದುಬಾರಿ.

ಹಿರಿಯರು ಗೊಬ್ಬರ ಸುರಿದದ್ದು ಬೇರಿಗೆ ಎಂದು. ಅದು ಸರಿಯೇ. ಆದರೆ ಗೊಬ್ಬರ ಮಣ್ಣಿನಲ್ಲಿ ಕೊಳೆಯುವಾಗ ಕೋಟ್ಯಂತರ ಸೂಕ್ಷ್ಮಜೀವಿಗಳು ಉಸಿರಾಡುತ್ತವೆ. ಆ ಉಸಿರು ನೆಲದಿಂದ ಮೇಲೇಳುವ ಇಂಗಾಲದ ಡೈಆಕ್ಸೈಡ್. ಬಯಲಿನಲ್ಲಿ ಅದನ್ನು ಗಾಳಿ ಬೇಗ ಒಯ್ಯುತ್ತದೆ. ಪಾಲಿಹೌಸಿನೊಳಗೆ ಅದು ನಿಲ್ಲುತ್ತದೆ, ಎಲೆಗೆ ದಕ್ಕುತ್ತದೆ. ಚೆನ್ನಾಗಿ ಮಾಗಿದ ತಿಪ್ಪೆ ಗೊಬ್ಬರ, ಎರೆಗೊಬ್ಬರ, ಕೊಚ್ಚಿದ ತೊಗರಿ ಕಟ್ಟಿಗೆಯ ಹೊದಿಕೆ ಇರುವ ಮಡಿ ದಿನವಿಡೀ ಸದ್ದಿಲ್ಲದೆ ಅನಿಲ ಕೊಡುವ ಸಿಲಿಂಡರ್. ಹಸಿ ಗೊಬ್ಬರ ಮಾತ್ರ ಹಾಕಬಾರದು. ಅದರಿಂದೇಳುವ ಅಮೋನಿಯ ಮುಚ್ಚಿದ ಮನೆಯಲ್ಲಿ ಎಲೆಯನ್ನು ಸುಡುತ್ತದೆ.

ಆರಂಭದಲ್ಲಿ ದತ್ತಿಯ ಮಾತು ಎತ್ತಿದ್ದು ಇದಕ್ಕೇ. ಮಣ್ಣಿನ ಸಾವಯವ ಅಂಶ ಅಸಲು, ಅದು ಪ್ರತಿದಿನ ಬಿಡುವ ಉಸಿರು ಬಡ್ಡಿ. ವರ್ಷವರ್ಷವೂ ಗೊಬ್ಬರ ಹಾಕಿ ಅಸಲನ್ನು ಉಳಿಸಿಕೊಂಡವನಿಗೆ ಬಡ್ಡಿ ನಿಲ್ಲುವುದಿಲ್ಲ.

ಸೀಸೆಯೊಳಗಿನ ಹಸಿವು

ಆ ಯುವಕರ ಎರಡನೇ ಪ್ರಶ್ನೆ ಬಾಳೆಯ ಕುರಿತಾದದ್ದು. ಬಯಲಿನ ತೋಟಕ್ಕೆ ಅನಿಲ ಬಿಡುವ ಮಾತೇ ಇಲ್ಲ. ಆದರೆ ಬಾಳೆಯ ಬಾಳಿನಲ್ಲಿ ಒಂದು ಘಟ್ಟವಿದೆ. ಈ ಅನಿಲ ನಿಜವಾಗಿ ಕೆಲಸ ಮಾಡುವುದು ಅಲ್ಲಿ.

ಅಂಗಾಂಶ ಕೃಷಿಯ ಕೋಣೆಯಲ್ಲಿ ನಿಂತು ಒಂದು ಸೀಸೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ತಳದಲ್ಲಿ ಗಟ್ಟಿ ಗಂಜಿಯಂತೆ ನಿಂತ ಅಗರ್. ಅದರಲ್ಲಿ ಊರಿದ, ಬಾಳೆ ಕಂದಿನ ತುದಿಯಿಂದ ಕತ್ತರಿಸಿ ಬೆಳೆಸಿದ ಬೆರಳುದ್ದದ ಹಸಿರು ಕುಡಿಗಳು. ಮುಚ್ಚಳದ ಒಳಮೈಗೆ ಕಟ್ಟಿದ ನೀರಹನಿ. ಮೇಲೆ ಬಿಳಿ ದೀಪ. ಅಗರಿನಲ್ಲಿ ಲೀಟರಿಗೆ ಸಾಮಾನ್ಯವಾಗಿ 30 ಗ್ರಾಂ ಸಕ್ಕರೆ ಬೆರೆಸಿರುತ್ತಾರೆ. ಹಸಿರು ಗಿಡಕ್ಕೆ, ದೀಪದ ಕೆಳಗೆ, ಸಕ್ಕರೆ ಯಾಕೆ ಉಣಿಸಬೇಕು?

ಜಪಾನಿನ ಚಿಬಾ ವಿಶ್ವವಿದ್ಯಾಲಯದ ಟೊಯೊಕಿ ಕೊಝಾಯ್ 1980ರ ದಶಕದಿಂದ ಇದೇ ಪ್ರಶ್ನೆಯ ಬೆನ್ನು ಹತ್ತಿದರು. ಸೀಸೆಯೊಳಗಿನ ಗಾಳಿಯನ್ನು ಅಳೆದು ನೋಡಿದರೆ, ದೀಪ ಹಚ್ಚಿದ ಒಂದೆರಡು ಗಂಟೆಯಲ್ಲೇ ಇಂಗಾಲದ ಡೈಆಕ್ಸೈಡ್ 100ರ ಆಸುಪಾಸಿಗೆ ಕುಸಿದಿರುತ್ತಿತ್ತು. ಸಸಿಗೆ ದುಡಿಯುವ ಶಕ್ತಿ ಇತ್ತು, ತಿನ್ನಲು ಇಂಗಾಲ ಇರಲಿಲ್ಲ. ಅವರು ಮುಚ್ಚಳಕ್ಕೆ ಗಾಳಿಯಾಡುವ ಪೊರೆ ಹಚ್ಚಿದರು, ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದರು, ದೀಪದ ಬೆಳಕು ಏರಿಸಿದರು, ಸಕ್ಕರೆ ತೆಗೆದುಬಿಟ್ಟರು. ಸಸಿಗಳು ತಾವೇ ದುಡಿದು ಗಟ್ಟಿಯಾಗಿ ಬೆಳೆದವು. ಸಕ್ಕರೆ ಇಲ್ಲದ್ದರಿಂದ ಬೂಷ್ಟು ಹಿಡಿಯುವುದೂ ಕಡಿಮೆಯಾಯಿತು.

ಬಾಳೆ ಸಸಿ ಕೊಂಡವರಿಗೆ ಇದರ ಬೆಲೆ ಗೊತ್ತು. ಸೀಸೆಯಲ್ಲಿ ಸಕ್ಕರೆ ಉಂಡು ಬೆಳೆದ ಸಸಿಯ ಎಲೆಯ ಮೇಲೆ ಮೇಣದ ಪದರ ತೆಳು, ಪತ್ರರಂಧ್ರಗಳಿಗೆ ಸರಿಯಾಗಿ ಮುಚ್ಚಲು ಬಾರದು. ಹೊರಗೆ ತಂದ ದಿನವೇ ಬಾಡುತ್ತದೆ. ಅದಕ್ಕೇ ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು, ಮಂಜಿನಂತೆ ನೀರು ಚಿಮುಕಿಸಿ, ಶೇಡ್‌ನೆಟ್ ಕೆಳಗೆ ವಾರಗಟ್ಟಲೆ ಹದಗೊಳಿಸಬೇಕಾಗುತ್ತದೆ. ಕಲಬುರಗಿಯ ಬಿಸಿಗಾಳಿಯಲ್ಲಿ ಈ ಹಂತದಲ್ಲೇ ಸಸಿ ಸಾಯುವುದು ಹೆಚ್ಚು. ಸೀಸೆಯಲ್ಲೇ ಗಾಳಿ ತಿಂದು ಬೆಳೆದ ಸಸಿ ಈ ಹಂತವನ್ನು ಸುಲಭವಾಗಿ ದಾಟುತ್ತದೆ. ಕೋಣೆ ಚಿಕ್ಕದು, ಬಾಗಿಲು ಮುಚ್ಚಿದ್ದು, ದೀಪ ನಮ್ಮ ಕೈಯಲ್ಲಿದೆ. ಬಿಟ್ಟ ಅನಿಲ ಅಲ್ಲೇ ಉಳಿಯುತ್ತದೆ.

ಕೆಂಪು ಬಾಳೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಈ ತಳಿಗೆ ಕೆಂಪು ಬಿಟ್ಟು ಹಸಿರಿಗೆ ತಿರುಗುವ ಸ್ವಭಾವ ಉಂಟು. ಪ್ರಯೋಗಾಲಯದಲ್ಲಿ ಹೆಚ್ಚು ಸಲ ಮರಿ ಮಾಡಿದಷ್ಟೂ ಅಂಥ ಸಸಿಗಳ ಅಪಾಯ ಹೆಚ್ಚುತ್ತದೆ. ಕಮಲಾಪುರದ ತೋಟಗಳಲ್ಲೇ ಗುರುತಿಸಿದ ಒಳ್ಳೆಯ ತಾಯಿಗಿಡಗಳಿಂದ ಕಂದು ತಂದು, ಕಡಿಮೆ ಸುತ್ತಿನಲ್ಲಿ ಬೆಳೆಸಬೇಕು.

ಕಲ್ಲಿನಲ್ಲಿರುವ ಗಾಳಿ, ಹಗೇವಿನಲ್ಲಿದ್ದ ಗಾಳಿ

ಈ ಅನಿಲ ನಮಗೆ ಹೊಸದಲ್ಲ. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಪರ್ಸಿಯ ಪುಡಿಯ ಮೇಲೆ ನಿಂಬೆರಸ ಹಿಂಡಿ ನೋಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅದು ಕೋಟ್ಯಂತರ ವರ್ಷ ಕಲ್ಲಿನಲ್ಲಿ ಕೂತಿದ್ದ ಇಂಗಾಲದ ಡೈಆಕ್ಸೈಡ್. ಶುದ್ಧ ಸುಣ್ಣದಕಲ್ಲು 100 ಕಿಲೋ ಸುಟ್ಟರೆ 44 ಕಿಲೋ ಈ ಅನಿಲವಾಗಿ ಹಾರುತ್ತದೆ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕುಲುಮೆಗಳಲ್ಲಿ ಹಗಲಿರುಳು ನಡೆಯುವುದು ಇದೇ. ಹಾಗೆಂದು ಚಿಮಣಿಯ ಹೊಗೆಯನ್ನೋ ಸೌದೆಯ ಹೊಗೆಯನ್ನೋ ನೇರ ಬೆಳೆಮನೆಗೆ ಬಿಡುವಂತಿಲ್ಲ. ಅರೆಬರೆ ಉರಿದ ಹೊಗೆಯಲ್ಲಿ ಪ್ರಾಣ ತೆಗೆಯುವ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಎಥಿಲೀನ್ ಇರುತ್ತದೆ. ಹೊಗೆ ಹಾಕಿ ಬಾಳೆಗೊನೆ ಹಣ್ಣು ಮಾಡುವುದು ಆ ಎಥಿಲೀನಿನ ಬಲದಿಂದಲೇ. ಎಳೆಯ ಸಸಿಗೆ ಅದೇ ವಿಷ.

ಇನ್ನು ಜೀವದ ಮಾತು. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿ, ಅದು ಆರದೆ ಉಳಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಕಾಳಿನ ಉಸಿರಿನಿಂದ ಕೂಡಿದ ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲಿ ತಂಗುತ್ತದೆ. ಅವಸರ ಮಾಡಿದವರು ಹಗೇವಿನಲ್ಲೇ ಉಳಿದ ಕತೆ ನಮ್ಮ ಭಾಗದ ಅನೇಕ ಮನೆಗಳಲ್ಲಿದೆ.

ಸಿಲಿಂಡರಿನ ಕೋಣೆಗೆ ಆ ದೀಪದ ಪರೀಕ್ಷೆ ಸಾಲದು. ಹಗೇವಿನಲ್ಲಿ ಕಾಳು ಆಮ್ಲಜನಕವನ್ನು ತಿಂದಿರುತ್ತದೆ, ಅದಕ್ಕೇ ದೀಪ ಬೇಗ ಆರುತ್ತದೆ. ಸಿಲಿಂಡರಿನಿಂದ ಬಿಟ್ಟಾಗ ಆಮ್ಲಜನಕ ಬಹುಪಾಲು ಹಾಗೇ ಇರುತ್ತದೆ, ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಬಿದ್ದುಹೋಗುತ್ತಾನೆ. ಎಂಟು ಗಂಟೆ ದುಡಿಯುವ ಜಾಗದಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 5,000 ಭಾಗ ಮೀರಬಾರದೆಂಬುದು ಕೆಲಸಗಾರರ ಸುರಕ್ಷತೆಗೆ ಒಪ್ಪಿತವಾದ ಮಿತಿ. 40,000 ಮುಟ್ಟಿದರೆ ಜೀವಕ್ಕೇ ಅಪಾಯ. ಗಿಡಕ್ಕೆ 800ರಿಂದ 1000 ಸಾಕು. ಅಳೆಯುವ ಮೀಟರ್, ಕೂಗುವ ಅಲಾರಾಂ, ಬಾಗಿಲ ಹೊರಗಿನಿಂದ ಬಂದ್ ಮಾಡುವ ವಾಲ್ವ್ ಈ ಮೂರೂ ಇಲ್ಲದ ಕೋಣೆಗೆ ಸಿಲಿಂಡರ್ ಒಯ್ಯಬೇಡಿ.

ಹೊರಗಿನ ಗಾಳಿಯಲ್ಲೂ ಅನಿಲ ಏರುತ್ತಿದೆಯಲ್ಲ, ಒಳ್ಳೆಯದೇ ಆಯಿತು ಎಂದು ಯಾರೂ ತಿಳಿಯಬಾರದು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಅಳೆಯತೊಡಗಿದಾಗ ಅದು 315ರ ಸುಮಾರಿಗಿತ್ತು. ಈ ಏರಿಕೆಯ ಜೊತೆಗೆ ಬಂದದ್ದು ಬಿಸಿ, ತಪ್ಪಿದ ಮಳೆ. ಕಾಳಿನ ಸತ್ವವೂ ಕುಗ್ಗುತ್ತದೆ. 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, 550ರ ಆಸುಪಾಸಿನ ಗಾಳಿಯಲ್ಲಿ ಬೆಳೆದ ಗೋಧಿಯಲ್ಲಿ ಸತು ಸುಮಾರು ಶೇ 9, ಕಬ್ಬಿಣ ಸುಮಾರು ಶೇ 5 ಕಡಿಮೆಯಿತ್ತು. ಜೋಳದಂಥ ಸಿ-4 ಬೆಳೆಗಳು ಅಷ್ಟಾಗಿ ಸೊರಗಲಿಲ್ಲ. ಜೋಳದ ರೊಟ್ಟಿಯನ್ನು ಬಿಡದಿರಲು ಇದೂ ಒಂದು ಕಾರಣ.

ಬಂಧುಗಳೇ, ಪಾಲಿಹೌಸ್ ಇರುವವರು ನಾಳೆಯಿಂದ ಪರದೆಯನ್ನು ಹೊತ್ತಿಗೆ ಸರಿಯಾಗಿ ಎತ್ತಿ, ಮಡಿಗೆ ಮಾಗಿದ ಗೊಬ್ಬರ ಹಾಕಿ. ಸಿಲಿಂಡರಿಗೆ ಕೊಡಬೇಕೆಂದಿದ್ದ ಹಣದಲ್ಲಿ ಹತ್ತು ಮನೆಯವರು ಸೇರಿ ಮೊದಲು ಒಂದು ಮೀಟರ್ ಕೊಳ್ಳಿ. ವಿದ್ಯಾರ್ಥಿಗಳೇ, ಆ ಮೀಟರ್ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಬರೆದಿಡುವ ಕೆಲಸ ನಿಮ್ಮದು. ಆಳಂದ ರಸ್ತೆಯ ನಮ್ಮ ಕೃಷಿ ಸಂಶೋಧನಾ ಕೇಂದ್ರದವರನ್ನೂ ತೋಟಗಾರಿಕೆ ಇಲಾಖೆಯವರನ್ನೂ ಕೈ ಮುಗಿದು ಕೇಳುತ್ತೇನೆ: ಕಮಲಾಪುರದ ಕೆಂಪು ಬಾಳೆಗೆ ಸಕ್ಕರೆಯಿಲ್ಲದ ಸೀಸೆಯ ಒಂದು ಚಿಕ್ಕ ಕೋಣೆಯನ್ನು ಇದೇ ನಗರದಲ್ಲಿ ತೆರೆಯಿರಿ. ಸಸಿ ಇಲ್ಲಿ ಹುಟ್ಟಿ, ಇಲ್ಲಿನ ಬಿಸಿಲಿಗೆ ಹದವಾಗಿ, ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ತೋಟ ಸೇರಲಿ.